ನೀಗ್ರೋಸ್ ದ್ವೀಪದ ಕಬ್ಬಿನ ಭೂಮಿ: ಹಕ್ಕುಪತ್ರ ಕೈಸೇರಿದ ನಂತರದ ಪ್ರಶ್ನೆಗಳು

(ಗ್ರಾಮ ಪಂಚಾಯಿತಿ ಸದಸ್ಯರ ಅವಗಾಹನೆಗಾಗಿ ಉಪನ್ಯಾಸದ ಪಠ್ಯ)



ಭೂಹೀನ ಕುಟುಂಬವೊಂದಕ್ಕೆ ಹಕ್ಕುಪತ್ರ ದೊರೆತ ದಿನದಿಂದಲೇ ಅದರ ಬಡತನ ಕಡಿಮೆಯಾಗತೊಡಗುತ್ತದೆ ಎಂಬ ನಂಬಿಕೆ ಆಡಳಿತದಲ್ಲಿ ಸಾಮಾನ್ಯ. ಈ ನಂಬಿಕೆ ಎಷ್ಟು ನಿಜ, ಎಷ್ಟು ಅಪೂರ್ಣ ಎಂಬುದನ್ನು ತಿಳಿಯಲು ಫಿಲಿಪೈನ್ಸ್ ದೇಶದ ನೀಗ್ರೋಸ್ ದ್ವೀಪದ ಅನುಭವ ಉಪಯುಕ್ತವಾಗಿದೆ.

ಒಂದೇ ಬೆಳೆಯ ದ್ವೀಪ

ನೀಗ್ರೋಸ್ ಆ ದೇಶದ ನಾಲ್ಕನೆಯ ದೊಡ್ಡ ದ್ವೀಪ. ಪಶ್ಚಿಮಕ್ಕೆ ನೀಗ್ರೋಸ್ ಆಕ್ಸಿಡೆಂಟಲ್, ಪೂರ್ವಕ್ಕೆ ನೀಗ್ರೋಸ್ ಓರಿಯೆಂಟಲ್ ಎಂಬ ಎರಡು ಪ್ರಾಂತ್ಯಗಳು ಅಲ್ಲಿವೆ. 1855ರಲ್ಲಿ ನೆರೆಯ ಪನಾಯ್ ದ್ವೀಪದ ಇಲೋಯಿಲೋ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆದ ಬಳಿಕ ಪಶ್ಚಿಮದ ಬಯಲುಗಳನ್ನು ಕಬ್ಬು ಆವರಿಸಿತು. ಅಸಿಯೆಂಡಾ ಎಂದು ಕರೆಯಲಾಗುವ ದೊಡ್ಡ ಹಿಡುವಳಿಗಳು ಕೆಲವೇ ಮನೆತನಗಳ ಕೈಸೇರಿದವು. ದುಡಿಯುವವರು ಗೇಣಿದಾರರಾಗಿರಲಿಲ್ಲ, ಕೂಲಿಗಳಾಗಿದ್ದರು. ಕಟಾವಿನ ಕಾಲಕ್ಕೆ ಪನಾಯ್‌ನಿಂದ ‘ಸಕಾಡಾ’ ಎಂಬ ವಲಸೆ ಕೂಲಿಗಳ ತಂಡಗಳು ಬರುತ್ತಿದ್ದವು.

ಕಾರ್ಖಾನೆ ನಿಂತು ಮುಂದಿನ ಕಟಾವು ಆರಂಭವಾಗುವವರೆಗಿನ ಮಳೆಗಾಲದ ತಿಂಗಳುಗಳನ್ನು ಅಲ್ಲಿನ ಜನ ‘ತಿಯೆಂಪೋ ಮುಯೆರ್ತೋ’, ಅಂದರೆ ಸತ್ತ ಕಾಲ, ಎಂದು ಕರೆಯುತ್ತಾರೆ. ಕೂಲಿ ಇಲ್ಲದ ಆ ತಿಂಗಳುಗಳಲ್ಲಿ ಮಾಲೀಕರಿಂದ ಅಕ್ಕಿ ಸಾಲ ಪಡೆದು, ಅದನ್ನು ಮುಂದಿನ ಕೂಲಿಯಲ್ಲಿ ತೀರಿಸುವುದು ವಾಡಿಕೆಯಾಗಿತ್ತು. ಫಲವತ್ತಾದ ನೆಲದ ಮಧ್ಯೆ ವಾಸಿಸುವ ಕುಟುಂಬಕ್ಕೆ ಒಂದು ಸಾಲು ಗೆಣಸು ನೆಡುವ ಸ್ವಾತಂತ್ರ್ಯವೂ ಇರುತ್ತಿರಲಿಲ್ಲ.

1974ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಸಕ್ಕರೆಯ ಬೆಲೆ ಒಂದು ಪೌಂಡಿಗೆ 60 ಅಮೆರಿಕನ್ ಸೆಂಟ್‌ಗಳನ್ನು ದಾಟಿತ್ತು. 1985ರಲ್ಲಿ ಅದು 3 ಸೆಂಟ್‌ಗಳಿಗಿಂತ ಕೆಳಗಿಳಿಯಿತು. ಅಮೆರಿಕದೊಂದಿಗಿದ್ದ ಆದ್ಯತೆಯ ವ್ಯಾಪಾರ ಒಪ್ಪಂದ 1974ರಲ್ಲೇ ಮುಗಿದಿತ್ತು. ದೇಶದೊಳಗಿನ ಸಕ್ಕರೆ ವ್ಯಾಪಾರ ಸರ್ಕಾರಿ ಏಕಸ್ವಾಮ್ಯಕ್ಕೆ ಒಳಪಟ್ಟಿತ್ತು. ಮಾಲೀಕರು ಕಬ್ಬು ನೆಡುವುದನ್ನು ನಿಲ್ಲಿಸಿದಾಗ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಮಕ್ಕಳು ತೀವ್ರ ಅಪೌಷ್ಟಿಕತೆಗೆ ತುತ್ತಾದರು. ಅವರ ಸುತ್ತ ಸಾವಿರಾರು ಹೆಕ್ಟೇರ್ ಭೂಮಿ ಬೀಳುಬಿದ್ದಿತ್ತು. ಹಸಿವಿಗೆ ಕಾರಣ ಭೂಮಿಯ ಕೊರತೆಯಾಗಿರಲಿಲ್ಲ, ಭೂಬಳಕೆಯ ನಿರ್ಧಾರ ಯಾರ ಕೈಯಲ್ಲಿತ್ತು ಎಂಬುದಾಗಿತ್ತು.

ಭೂಸುಧಾರಣೆ ಮತ್ತು ಅದರ ಮಿತಿ

1972ರ ಭೂಸುಧಾರಣಾ ಆದೇಶವು ಗೇಣಿಯಲ್ಲಿದ್ದ ಭತ್ತ ಮತ್ತು ಮೆಕ್ಕೆಜೋಳದ ಭೂಮಿಗೆ ಮಾತ್ರ ಅನ್ವಯವಾಗಿದ್ದು, ಕಬ್ಬಿನ ಭೂಮಿ ಹೊರಗುಳಿದಿತ್ತು. 1986ರ ರಾಜಕೀಯ ಬದಲಾವಣೆಯ ನಂತರ ನೀಗ್ರೋಸ್ ಆಕ್ಸಿಡೆಂಟಲ್‌ನ ಗವರ್ನರ್ ಡೇನಿಯಲ್ ಲ್ಯಾಕ್ಸನ್ ಒಂದು ಸೂತ್ರವನ್ನು ಮುಂದಿಟ್ಟರು. ಶೇ. 60ರಷ್ಟು ಭೂಮಿಯಲ್ಲಿ ಕಬ್ಬು, ಶೇ. 30ರಲ್ಲಿ ಇತರ ಬೆಳೆ, ಉಳಿದ ಶೇ. 10 ಕಾರ್ಮಿಕರಿಗೆ ಎಂಬುದು ಅದರ ಸಾರ. ಆ ಯೋಜನೆ ಪೂರ್ಣವಾಗಿ ಜಾರಿಯಾಗಲಿಲ್ಲ. 1988ರ ಜೂನ್‌ನಲ್ಲಿ ಸಮಗ್ರ ಭೂಸುಧಾರಣಾ ಕಾಯ್ದೆ ಬಂದಿತು. ಮಾಲೀಕರ ಉಳಿಕೆ ಮಿತಿಯನ್ನು 5 ಹೆಕ್ಟೇರ್‌ಗೆ ನಿಗದಿಪಡಿಸಿ, ಹಂಚಿಕೆಯಾದ ಭೂಮಿಯನ್ನು 10 ವರ್ಷ ಪರಭಾರೆ ಮಾಡುವಂತಿಲ್ಲವೆಂದು ಅದು ವಿಧಿಸಿತು.

ಇಲ್ಲಿ ಕರ್ನಾಟಕದೊಂದಿಗೆ ಒಂದು ಹೋಲಿಕೆ ಅಗತ್ಯ. ನಮ್ಮ ರಾಜ್ಯದ 1974ರ ಭೂಸುಧಾರಣಾ ತಿದ್ದುಪಡಿಯ ಮುಖ್ಯ ಫಲಾನುಭವಿಗಳು ಗೇಣಿದಾರರು. ಅವರ ಬಳಿ ಎತ್ತು, ನೇಗಿಲು, ಬೀಜದ ಅರಿವು ಮೊದಲೇ ಇತ್ತು. ನೀಗ್ರೋಸ್‌ನ ಕೂಲಿ ಕಾರ್ಮಿಕನು ಕಳೆ ಕೀಳುವುದನ್ನೂ ಕಬ್ಬು ಕಡಿಯುವುದನ್ನೂ ಬಲ್ಲವನಾಗಿದ್ದನೇ ಹೊರತು, ಬಂಡವಾಳ ಹೂಡಿ ಬೆಳೆಯನ್ನು ಮಾರುಕಟ್ಟೆಗೆ ಸಾಗಿಸುವ ಅವಕಾಶವನ್ನು ಕಂಡಿರಲಿಲ್ಲ. ಅನೇಕ ಕಡೆ ಹತ್ತಾರು ಕುಟುಂಬಗಳಿಗೆ ಸಾಮೂಹಿಕವಾಗಿ ಒಂದೇ ಹಕ್ಕುಪತ್ರ ನೀಡಲಾಯಿತು. ಯಾರ ಪಾಲು ಎಲ್ಲಿದೆಯೆಂಬುದು ಅಸ್ಪಷ್ಟವಾಗಿಯೇ ಉಳಿಯಿತು. ಮಾಲೀಕನ ಅಕ್ಕಿ ಸಾಲ ನಿಂತಿತು, ಬ್ಯಾಂಕಿನ ಸಾಲ ದೊರೆಯಲಿಲ್ಲ. ಪರಿಣಾಮವಾಗಿ ಬಹಳಷ್ಟು ಕುಟುಂಬಗಳು ತಮ್ಮ ಭೂಮಿಯನ್ನು ‘ಅರಿಯೆಂಡೋ’ ಎಂಬ ಗುತ್ತಿಗೆಗೆ ನೀಡಿದವು. ಗುತ್ತಿಗೆ ಪಡೆದವರಲ್ಲಿ ಹಳೆಯ ಮಾಲೀಕರೂ ಇದ್ದರು. ಕಾಗದದಲ್ಲಿ ಒಡೆಯನಾದವನು ತನ್ನ ಹೊಲದಲ್ಲೇ ಮತ್ತೆ ಕೂಲಿಯಾದನು.

ಫಲ ನೀಡಿದ ಕ್ರಮಗಳು

ಗುತ್ತಿಗೆಗೆ ಹೋಗದೆ ಉಳಿದ ಭೂಮಿಯ ಅನುಭವವೂ ಗಮನಾರ್ಹ. ಒಂದಷ್ಟು ನೆಲವನ್ನು ಆಹಾರ ಬೆಳೆಗೆ ಮೀಸಲಿಟ್ಟ ಕುಟುಂಬಗಳಿಗೆ ಸತ್ತ ಕಾಲದ ಸಾಲದ ಹೊರೆ ತಗ್ಗಿತು. ಬೆಟ್ಟದಂಚಿನಲ್ಲಿ ಬೆಳೆಯುವ ಬಲಂಗೋನ್ ಎಂಬ ಸ್ಥಳೀಯ ಬಾಳೆ 1989ರಿಂದ ಜಪಾನಿನ ಗ್ರಾಹಕ ಸಹಕಾರ ಸಂಘಗಳಿಗೆ ರಫ್ತಾಗತೊಡಗಿತು. ನಮ್ಮ ಬೆಲ್ಲದ ಪುಡಿಯನ್ನು ಹೋಲುವ ‘ಮಸ್ಕೊವಾಡೊ’ ಸಕ್ಕರೆಯೂ ನ್ಯಾಯಯುತ ವ್ಯಾಪಾರದ ದಾರಿ ಹಿಡಿಯಿತು.

2015ರ ಕಬ್ಬು ಉದ್ಯಮ ಅಭಿವೃದ್ಧಿ ಕಾಯ್ದೆಯು ಸಣ್ಣ ಹಿಡುವಳಿಗಳನ್ನು ಸುಮಾರು 30 ಹೆಕ್ಟೇರ್‌ಗಳ ಘಟಕಗಳಾಗಿ ಒಟ್ಟುಗೂಡಿಸಿ, ಉಳುಮೆ ಮತ್ತು ಸಾಗಣೆಯನ್ನು ಜಂಟಿಯಾಗಿ ನಡೆಸಲು ನೆರವು ಒದಗಿಸಿತು. ಒಡೆತನ ಪ್ರತ್ಯೇಕವಾಗಿಯೇ ಉಳಿಯುವುದು ಇದರ ವಿಶೇಷ. ಸಾಮೂಹಿಕ ಹಕ್ಕುಪತ್ರಗಳನ್ನು ಬಿಡಿಸಿ ಪ್ರತ್ಯೇಕ ಪತ್ರ ನೀಡುವ ಕಾರ್ಯವೂ ವಿಶ್ವಬ್ಯಾಂಕ್ ನೆರವಿನಿಂದ ನಡೆಯುತ್ತಿದೆ. 2023ರ ಜುಲೈನ ಕಾಯ್ದೆಯೊಂದು ಫಲಾನುಭವಿಗಳ ಭೂಮಿಯ ಸಾಲವನ್ನು ಮನ್ನಾ ಮಾಡಿತು.

ಸ್ಥಳೀಯ ಸಂಸ್ಥೆಯ ಪಾತ್ರ

ಫಿಲಿಪೈನ್ಸ್‌ನಲ್ಲಿ ಗ್ರಾಮ ಪಂಚಾಯಿತಿಗೆ ಸಮಾನವಾದ ಸಂಸ್ಥೆ ‘ಬರಂಗಾಯ್’. 1991ರ ಸ್ಥಳೀಯ ಸರ್ಕಾರ ಸಂಹಿತೆಯ ಪ್ರಕಾರ ಬರಂಗಾಯ್ ಸಭೆ ವರ್ಷಕ್ಕೆ ಕನಿಷ್ಠ ಎರಡು ಬಾರಿ ಸೇರಬೇಕು. ಕೇಂದ್ರದಿಂದ ಬರುವ ತೆರಿಗೆ ಪಾಲಿನಲ್ಲಿ ಕನಿಷ್ಠ ಶೇ. 20ನ್ನು ಅಭಿವೃದ್ಧಿ ಕಾಮಗಾರಿಗಳಿಗೆ ವಿನಿಯೋಗಿಸಬೇಕು. ಕೃಷಿಭೂಮಿಯನ್ನು ಅನ್ಯ ಬಳಕೆಗೆ ವರ್ಗೀಕರಿಸಲು ಪಟ್ಟಣಗಳ ದರ್ಜೆಗೆ ಅನುಗುಣವಾಗಿ ಶೇ. 5ರಿಂದ 15ರವರೆಗೆ ಮಿತಿ ಇದೆ.

ಪ್ರಾದೇಶಿಕ ಆಡಳಿತದ ಕೊರತೆಯೂ ದ್ವೀಪವನ್ನು ಬಾಧಿಸಿತ್ತು. ಒಂದೇ ದ್ವೀಪದ ಎರಡು ಪ್ರಾಂತ್ಯಗಳು ಎರಡು ಬೇರೆ ಆಡಳಿತ ವಲಯಗಳಿಗೆ ಸೇರಿದ್ದು, ಅವುಗಳ ಕೇಂದ್ರಗಳಾದ ಇಲೋಯಿಲೋ ಮತ್ತು ಸೆಬು ಸಮುದ್ರದಾಚೆಗಿದ್ದವು. 2024ರಲ್ಲಿ ಸಿಕಿಹೋರ್ ದ್ವೀಪವನ್ನೂ ಸೇರಿಸಿ ನೀಗ್ರೋಸ್ ದ್ವೀಪ ವಲಯವನ್ನು ಕಾಯ್ದೆಯ ಮೂಲಕ ರಚಿಸಲಾಯಿತು.

ಸದಸ್ಯರು ಪರಿಶೀಲಿಸಬೇಕಾದ ಅಂಶಗಳು

ಈ ಅನುಭವದ ಹಿನ್ನೆಲೆಯಲ್ಲಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವಾಗ ಈ ಕೆಳಗಿನ ಅಂಶಗಳನ್ನು ಗ್ರಾಮಸಭೆಯ ಮುಂದಿಡುವುದು ಸೂಕ್ತ.

1. ಗ್ರಾಮದಲ್ಲಿ ಕೂಲಿ ದೊರೆಯದ ತಿಂಗಳುಗಳು ಯಾವುವು? ಉದ್ಯೋಗ ನೀಡುವ ಕಾಮಗಾರಿಗಳು ಅದೇ ತಿಂಗಳುಗಳಲ್ಲಿ ಆರಂಭವಾಗುತ್ತಿವೆಯೇ?

2. ಮಂಜೂರಾದ ಭೂಮಿಯನ್ನು ಇಂದು ವಾಸ್ತವವಾಗಿ ಉಳುತ್ತಿರುವವರು ಯಾರು? ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ 1978ರ ಕರ್ನಾಟಕ ಕಾಯ್ದೆಯಲ್ಲಿ ಗುತ್ತಿಗೆಯೂ ಪರಭಾರೆಯ ವ್ಯಾಖ್ಯೆಯೊಳಗೆ ಬರುತ್ತದೆ ಎಂಬುದನ್ನು ಸದಸ್ಯರು ಫಲಾನುಭವಿಗಳಿಗೆ ತಿಳಿಸಬೇಕು.

3. ಹಕ್ಕುಪತ್ರ ಪಡೆದ ಕುಟುಂಬದ ಪೋಡಿ, ಪಹಣಿ ಮತ್ತು ಬೆಳೆ ಸಾಲ ಪೂರ್ಣಗೊಂಡಿವೆಯೇ? ಮೊದಲ ಬೆಳೆಯ ಖರ್ಚಿಗೆ ಸಹಕಾರ ಸಂಘ ಅಥವಾ ಸ್ವಸಹಾಯ ಗುಂಪಿನಿಂದ ನೆರವು ದೊರೆಯುವುದೇ?

4. ಒಂದೇ ವಾಣಿಜ್ಯ ಬೆಳೆಯನ್ನು ಅವಲಂಬಿಸಿದ ಗ್ರಾಮದಲ್ಲಿ ಪ್ರತಿ ಕುಟುಂಬಕ್ಕೂ ಸ್ವಲ್ಪ ನೆಲ ಆಹಾರ ಬೆಳೆಗೆ ಉಳಿದಿದೆಯೇ?

ನೀಗ್ರೋಸ್‌ನಲ್ಲಿ ಕಾಯ್ದೆ ಬಂದು ಮೂರು ದಶಕಗಳಾದ ಮೇಲೂ ಪ್ರತ್ಯೇಕ ಹಕ್ಕುಪತ್ರ ಮತ್ತು ಸಾಲಮನ್ನಾದ ಕಾರ್ಯ ಬಾಕಿಯಿತ್ತು. ಆ ವಿಳಂಬದ ಬೆಲೆಯನ್ನು ತೆತ್ತವರು ಭೂಮಿ ಪಡೆದ ಕುಟುಂಬಗಳೇ. ನಮ್ಮ ಗ್ರಾಮಗಳಲ್ಲಿ ಅಂತಹ ಬಾಕಿ ಕೆಲಸ ಎಲ್ಲೆಲ್ಲಿದೆ ಎಂಬುದನ್ನು ಮನೆವಾರು ಬಲ್ಲವರು ವಾರ್ಡಿನ ಸದಸ್ಯರು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವ ಅಧಿಕಾರವೂ ಹೊಣೆಯೂ ಅವರದೇ ಆಗಿದೆ.