ಡ್ಯಾಮಿನ ಸವಕಳಿ ಯಾರ ಖಾತೆಗೆ?

ಈ ಸಂಚಿಕೆ ಹುಲಿಹೈದರದ ನಮ್ಮ ಮನೆಯಿಂದಲೇ ರೆಕಾರ್ಡ್ ಮಾಡ್ತಿದೀನಿ. ಹಿಂದೆ ಟ್ರ್ಯಾಕ್ಟರ್ ಸದ್ದು ಬಂದ್ರೆ ಸಹಿಸ್ಕೊಳ್ರಿ.

ಬಿ.ಕಾಂ.ನಲ್ಲಿ ಡಿಪ್ರಿಸಿಯೇಶನ್ ಅಂತ ಒಂದು ಪಾಠ ಇತ್ತು, ಕನ್ನಡದಲ್ಲಿ ಸವಕಳಿ. ಯಂತ್ರ ಕೊಂಡ್ರೆ ಪ್ರತಿ ವರ್ಷ ಅದರ ಬೆಲೆಯಲ್ಲಿ ಇಷ್ಟು ಅಂತ ಕಳೀಬೇಕು, ಅದು ಕೆಡೋ ದಿನಕ್ಕೆ ದುಡ್ಡು ಎತ್ತಿಡಬೇಕು. ಪರೀಕ್ಷೆಗೆ ಬರೆದು ಮರೆತಿದ್ದೆ. 2024ರ ಆಗಸ್ಟ್ 10ರ ರಾತ್ರಿ ಮತ್ತೆ ನೆನಪಾಯ್ತು.

ಆ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯ್ತು. 60 ಅಡಿ ಅಗಲ, 20 ಅಡಿ ಎತ್ತರದ ಬಾಗಿಲು ಅದು. ಡ್ಯಾಮ್ ತುಂಬಿ ನಿಂತಿತ್ತು. ಒತ್ತಡ ಇಳಿಸೋಕೆ ಬೇರೆ ಗೇಟ್‌ಗಳನ್ನೂ ತೆರೀಬೇಕಾಯ್ತು. ಒಂದು ಟಿಎಂಸಿ ಅಂದ್ರೆ 100 ಕೋಟಿ ಘನ ಅಡಿ ನೀರು. ಒಂದು ವಾರದಲ್ಲಿ ಅಂಥ 30ಕ್ಕೂ ಹೆಚ್ಚು ಟಿಎಂಸಿ ಕಣ್ಣೆದುರೇ ಹೊಳೆ ಪಾಲಾಯ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದ್ರು, ಐದು ತುಂಡು, ಒಂದರ ಮೇಲೊಂದು. ನಾವೆಲ್ಲ ಮೊಬೈಲ್ ಹಿಡ್ಕೊಂಡು ಅದನ್ನೇ ನೋಡ್ತಾ ಕೂತಿದ್ವಿ, ಕ್ರಿಕೆಟ್ ಮ್ಯಾಚ್ ನೋಡ್ದಂಗೆ. ಆಮೇಲೆ ಮಲೆನಾಡಲ್ಲಿ ಮತ್ತೆ ಮಳೆ ಆಯ್ತು, ಡ್ಯಾಮ್ ತುಂಬ್ತು, ಬೆಳೆ ಉಳೀತು. ಅದೃಷ್ಟ ಅಷ್ಟೇ.

ಯಾಕಂದ್ರೆ ಹಿಂದಿನ ವರ್ಷವೇ ಹೀಗಾಗಿದ್ರೆ ತುಂಬಿಕೊಡೋ ಮಳೆ ಇರಲಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಅದಕ್ಕೂ ನಾಲ್ಕು ವರ್ಷ ಹಿಂದೆ, 2019ರ ಆಗಸ್ಟ್‌ನಲ್ಲಿ, ಇದೇ ಹೊಳೆ ಉಕ್ಕಿ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡಿಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನ ಹೆಲಿಕಾಪ್ಟರ್ ತಂದು ಕರ್ಕೊಂಡು ಬಂದಿದ್ರು.

ಬಂದ್ರೆ ಒಮ್ಮೆಲೇ, ಇಲ್ಲಾಂದ್ರೆ ಇಲ್ಲೇ ಇಲ್ಲ. ಹವಾಮಾನ ಬದಲಾವಣೆ ಅನ್ನೋ ದೊಡ್ಡ ಮಾತು ನಮ್ಮ ಕಡೆ ಇಷ್ಟು ಸರಳ. ಇಂಥ ಮಳೆಗೆ ಪಾತ್ರೆ ದೊಡ್ಡದಿರಬೇಕು. ನಮ್ಮದು ಸಣ್ಣದಾಗ್ತಾ ಬಂದಿದೆ: ಕಟ್ಟಿದಾಗ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 105ರ ಆಸುಪಾಸು. ಉಳಿದ ಜಾಗದಲ್ಲಿ ಹೂಳು. ಸವಕಳಿ ಅಂದ್ರೆ ಇದೇ ಅಲ್ವಾ? 1953ರಿಂದ ಕಾಣ್ತಾನೇ ಇದೆ, ಎತ್ತಿಟ್ಟ ದುಡ್ಡು ಎಲ್ಲಿ?

ಹೂಳಿಂದ ಕಳ್ಕೊಂಡ ನೀರು ಹಿಡಿಯೋಕೆ ನಮ್ಮ ಕನಕಗಿರಿ ತಾಲ್ಲೂಕಿನ ನವಲಿ ಹತ್ತಿರ ಸಮತೋಲನ ಜಲಾಶಯ ಮಾಡ್ತೀವಿ ಅಂತ ವರ್ಷಗಳಿಂದ ಹೇಳ್ತಿದಾರೆ. 2022ರ ಬಜೆಟ್‌ನಲ್ಲಿ 1,000 ಕೋಟಿ ರೂಪಾಯಿ ಘೋಷಣೆನೂ ಆಯ್ತು. ಆಂಧ್ರ, ತೆಲಂಗಾಣ ಒಪ್ಪಬೇಕು. ಸಾವಿರಾರು ಎಕರೆ ಜಮೀನು ಬಿಟ್ಟುಕೊಡೋರು ಒಪ್ಪಬೇಕು. ನಾನು ನವಲಿ ಪರವಾಗೇ ಇದೀನಿ. ಆದ್ರೆ ನನ್ನ ಹೊಲ ಅಲ್ಲಿಲ್ಲ, ಹಾಗಾಗಿ ನನ್ನ ಮಾತಿಗೆ ಅಷ್ಟೇ ತೂಕ ಕೊಡ್ರಿ.

ಗೇಟ್ ವಿಷಯಕ್ಕೆ ಬರೋಣ. ತಜ್ಞರ ಸಮಿತಿ 33 ಗೇಟ್‌ಗಳನ್ನೂ ಬದಲಿಸಿ ಅಂತು. 2025ರ ಮಳೆಗಾಲದಲ್ಲಿ ಹಳೇ ಗೇಟ್ ನಂಬದೆ 80 ಟಿಎಂಸಿಗೇ ಮಿತಿ ಹಾಕಿ, ಬಂದ ನೀರನ್ನ ಕೆಳಗೆ ಬಿಟ್ರು. ಆಮೇಲೆ ಗೇಟ್ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂದ್ರು. ನಿರ್ಧಾರ ಸರಿ, ನನಗೆ ಅನುಮಾನ ಇಲ್ಲ. ರೈತರು ಎಕರೆಗೆ ಇಷ್ಟು ಪರಿಹಾರ ಕೊಡಿ ಅಂದ್ರು, ಅದೂ ಸರಿ.

ಆದ್ರೆ ಎಕರೆನೇ ಇಲ್ಲದವರು? ನಮ್ಮ ಊರ ಸುತ್ತ ಒಣಬೇಸಾಯ. ಕಾಲುವೆ ನೀರು ನಮ್ಮ ಹೊಲಕ್ಕೆ ಬರಲ್ಲ, ನಾವೇ ಕಾಲುವೆ ಹತ್ರ ಹೋಗ್ತೀವಿ. ಬೆಳಗಿನ ಜಾವ ಬುತ್ತಿ ಕಟ್ಕೊಂಡು ಟಂಟಂ ಹತ್ತಿ ಕಾರಟಗಿ ಕಡೆ ಭತ್ತದ ನಾಟಿಗೆ ಹೋಗೋ ಹೆಣ್ಮಕ್ಕಳು ಎಷ್ಟು ಜನ! ಒಂದು ಹಂಗಾಮು ನಿಂತ್ರೆ ಅವರ ಕೂಲಿ ಪೂರ್ತಿ ನಿಲ್ಲುತ್ತೆ. ನಮ್ಮ ಓಣಿಯ ಒಬ್ಬ ಅಕ್ಕ ಸಂಘದ ಸಾಲದ ಕಂತು ಕಟ್ಟೋಕಾಗದೆ ಮಗನ್ನ ಅಜ್ಜಿ ಹತ್ರ ಬಿಟ್ಟು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ್ಳು. ಹೋಗೋ ಮುಂದೆ ಕೇಳಿದ್ಲು, 'ತಮ್ಮಾ, ಪಹಣಿ ಇಲ್ಲದೋರಿಗೂ ಪರಿಹಾರದ ಅರ್ಜಿ ಐತೇನೋ?' ಲೆಕ್ಕಶಾಸ್ತ್ರ ಓದಿದ ನಾನು ಸುಮ್ಮನಿದ್ದೆ.

ಡ್ಯಾಮನ್ನ ಹೊಸ ಮಳೆಗೆ ತಕ್ಕಂಗೆ ರಿಪೇರಿ ಮಾಡೋ ಖರ್ಚಲ್ಲಿ ಸ್ಟೀಲ್, ಕ್ರೇನ್, ಟೆಂಡರ್ ಎಲ್ಲಾ ಬರುತ್ತೆ. ಈ ಕೂಲಿನೂ ಅದೇ ಖರ್ಚು. ಉದ್ಯೋಗ ಖಾತರಿ ದಿನಗಳನ್ನ ಇಂಥ ವರ್ಷ ನೀರಿಲ್ಲದ ತಾಲ್ಲೂಕುಗಳಿಗೆ ಹೆಚ್ಚು ಮಾಡಬಹುದು, ಕಾಲುವೆ ಖಾಲಿ ಇದ್ದಾಗಲೇ ಅದರ ಹೂಳು ತೆಗೆಸಬಹುದು.

ಕಾರಟಗಿ, ಸಿಂಧನೂರು, ಮಾನ್ವಿ ಕಡೆ ಕೇಳ್ತಿರೋರು ನಿಮಗೆ ಎಷ್ಟು ದಿನದ ಕೂಲಿ ಹೋಯ್ತು ಅಂತ ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ದನಿಯಲ್ಲೇ ಹಾಕ್ತೀನಿ.