ಪೆಟ್ಟು ತಿಂದ ಮಗುವಿಗೆ ಒಬ್ಬರಾದರೂ ಬೇಕು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಇಂಜಿನಿಯರ್ ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡಿರಬಹುದು. ನಾನು ಇವತ್ತು ಮನೆಯ ಬಗ್ಗೆ ಮಾತಾಡಲು ಬಂದಿದ್ದೇನೆ.

ಮಕ್ಕಳ ಮನಸ್ಸಿಗೆ ಬಿದ್ದ ಪೆಟ್ಟು ಕಣ್ಣೀರಾಗಿಯೇ ಕಾಣಬೇಕೆಂದಿಲ್ಲ. ಸಿಡುಕು, ಹೊಟ್ಟೆನೋವು, ಕೆಟ್ಟ ಕನಸು, ಶಾಲೆಗೆ ಚಕ್ಕರ್, ಒಮ್ಮೆಲೇ ಕಡಿಮೆಯಾದ ಅಂಕ, ಹೀಗೂ ಕಾಣಬಹುದು. ನಾನು ಇಲ್ಲಿ ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ಅಪಘಾತದಲ್ಲಿ ತೀರಿಕೊಂಡರು. ರಾತ್ರಿ ಬೈಕ್ ಸದ್ದಾದರೆ ಬೆಚ್ಚಿ ಏಳುತ್ತಿದ್ದೆ. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. 'ಗಂಡು ಹುಡುಗ, ಅಳಬಾರದು' ಎಂದವರೇ ಹೆಚ್ಚು. ಅಜ್ಜಿ ಮಾತ್ರ ಹಾಗನ್ನಲಿಲ್ಲ. ದಿನಾ ಎಂಟು ಗಂಟೆಗೆ ಎಲ್ಲರನ್ನೂ ಒಟ್ಟಿಗೆ ಊಟಕ್ಕೆ ಕೂರಿಸುತ್ತಿದ್ದರು. ಅಪ್ಪನ ವಿಷಯ ಮುಚ್ಚಿಡದೆ ಆಡುತ್ತಿದ್ದರು. ಅಮ್ಮ ಅತ್ತರೆ ಅಳಲು ಬಿಡುತ್ತಿದ್ದರು. ನಿದ್ದೆ ನಿಧಾನವಾಗಿ ಮರಳಿತು.

ಇದು ನಮ್ಮ ಮನೆಯೊಂದರ ಮಾತಲ್ಲ. ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟಿ, ರಾಬರ್ಟ್ ಆಂಡಾ ಮುಂತಾದ ವೈದ್ಯರು 9,500ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನು ವಿಚಾರಿಸಿ 1998ರಲ್ಲಿ ವರದಿ ಪ್ರಕಟಿಸಿದರು. ಹೊಡೆತ, ತಾಯಿಯ ಮೇಲಿನ ದೌರ್ಜನ್ಯ, ಮನೆಯಲ್ಲಿ ಕುಡಿತ, ಇಂಥವು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತದ ಚಟ, ಹೃದ್ರೋಗದ ಅಪಾಯವೂ ಹೆಚ್ಚಿತ್ತು.

ಆದರೆ ಹಣೆಬರಹ ಅಲ್ಲಿಗೇ ಮುಗಿಯುವುದಿಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಜಗಳಗಳ ನಡುವೆ ತುಂಬಾ ಕಷ್ಟಪಟ್ಟು ಬೆಳೆದವರಲ್ಲೂ ಸುಮಾರು ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದರು. ಅವರಿಗೆ ಆಸರೆಯಾದವುಗಳಲ್ಲಿ ಮುಖ್ಯವಾದದ್ದು, ಕೈಬಿಡದ ಒಬ್ಬ ಹಿರಿಯರು. ಅವರು ಅಪ್ಪ-ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಯಾರೂ ಆಗಬಹುದಿತ್ತು.

ಪೋಷಕರೇ, ಹೊತ್ತಿಗೆ ಸರಿಯಾಗಿ ಊಟ-ನಿದ್ದೆ, ಕೊಟ್ಟ ಮಾತು ಉಳಿಸಿಕೊಳ್ಳುವುದು, ಮಗು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳುವುದು, ಇವಕ್ಕೆ ದುಡ್ಡು ಬೇಕಿಲ್ಲ. ಎಲ್ಲ ಮರೆತುಬಿಡು ಎಂದು ಒತ್ತಾಯಿಸಬೇಡಿ. ಹೇಳು ಎಂದೂ ಪೀಡಿಸಬೇಡಿ. ತಿಂಗಳಾದರೂ ನಿದ್ದೆ, ಓದು ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. ಅದು ಹುಚ್ಚಲ್ಲ, ನಾಚಿಕೆಪಡುವಂಥದ್ದೂ ಅಲ್ಲ.

ಕೆಲವು ಮಕ್ಕಳಿಗೆ ಪೆಟ್ಟು ಬೀಳುವುದೇ ಮನೆಯಲ್ಲಿ. ಅಂಥವರಿಗೆ ಆ ಒಬ್ಬ ಹಿರಿಯರು ಸಿಗುವುದಾದರೆ ಈ ಶಾಲೆಯಲ್ಲೇ ಸಿಗಬೇಕು. ಗುರುಗಳೇ, ಹಿಂದಿನ ಬೆಂಚಿನಲ್ಲಿ ಮಂಕಾಗಿ ಕೂತ ಹುಡುಗನಿಗೆ 'ಯಾಕೆ ಓದಿಲ್ಲ?' ಎನ್ನುವ ಮೊದಲು 'ಊಟ ಆಯ್ತಾ? ಮನೇಲಿ ಹೇಗಿದ್ದಾರೆ?' ಎಂದು ಕೇಳಿ.

ವಿದ್ಯಾರ್ಥಿಗಳೇ, ಎರಡು ನಂಬರ್ ನೆನಪಿಡಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಕಷ್ಟಕ್ಕೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಎರಡೂ ಉಚಿತ. ಇವನ್ನು ಪ್ರತಿ ತರಗತಿಯ ಗೋಡೆಯ ಮೇಲೆ ಬರೆಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ. ಬಣ್ಣದ ಖರ್ಚು ನಮ್ಮ ಬ್ಯಾಚಿನದು.