ಇಲೆಕ್ಟ್ರಾನಿಕ್ ಉದ್ಯಮದಲ್ಲಿ ನಿರಪಾಯ ಶುದ್ಧಿಕಾರಕಗಳು

ರೇಡಿಯೋ, ದೂರವಾಣಿ, ಗಣಕಯಂತ್ರ ಯಾವುದನ್ನು ಬಿಚ್ಚಿದರೂ ಒಳಗೆ ಸಾಮಾನ್ಯವಾಗಿ ಹಸಿರು ಬಣ್ಣದ ಫಲಕವೊಂದು ಕಾಣುತ್ತದೆ. ಅದರ ಮೇಲೆ ಸೂಕ್ಷ್ಮವಾದ ಬಿಡಿಭಾಗಗಳನ್ನು ಬೆಸುಗೆಯಿಂದ ಕೂಡಿಸಲಾಗಿರುತ್ತದೆ. ಬೆಸುಗೆ ಸರಿಯಾಗಿ ಹಿಡಿಯಬೇಕಾದರೆ ಲೋಹದ ಮೇಲಿನ ಆಕ್ಸೈಡ್ ಪೊರೆ ಮೊದಲು ಹೋಗಬೇಕು; ಆ ಕೆಲಸಕ್ಕೆ ಫ್ಲಕ್ಸ್ ಎಂಬ ದ್ರವ್ಯವನ್ನು ಬಳಸುತ್ತಾರೆ. ಪೈನ್ ಮರದ ರಾಳವೇ ಬಹುಕಾಲ ಅದರ ಮುಖ್ಯಾಂಶವಾಗಿತ್ತು. ಬೆಸುಗೆಯ ನಂತರ ಉಳಿದ ಫ್ಲಕ್ಸಿನ ಶೇಷವು ಗಾಳಿಯ ತೇವದೊಡನೆ ಸೇರಿ ಲೋಹವನ್ನು ತಿನ್ನಬಹುದು, ವಿದ್ಯುತ್ತು ಅಡ್ಡದಾರಿಯಲ್ಲಿ ಸೋರಲು ಎಡೆಮಾಡಬಹುದು. ಮುಂಬಯಿ, ಚೆನ್ನೈಗಳಂತಹ ಕಡಲತೀರದ ಹವೆಯಲ್ಲಿ ಈ ಭಯ ಹೆಚ್ಚು. ಫಲಕವನ್ನು ತೊಳೆಯುವ ಪದ್ಧತಿ ಬಂದದ್ದು ಹೀಗೆ.

ಈ ಕಾರ್ಯಕ್ಕೆ ಸಿ.ಎಫ್.ಸಿ.-113 ಎಂಬ ದ್ರಾವಕವು ದಶಕಗಳ ಕಾಲ ಆದರ್ಶವೆನಿಸಿತ್ತು. ಅದು ಹೊತ್ತಿಕೊಳ್ಳುವುದಿಲ್ಲ, ವಿಷಗುಣ ಅಲ್ಪ, ಪ್ಲಾಸ್ಟಿಕ್ಕನ್ನು ಸಾಮಾನ್ಯವಾಗಿ ಕೆಡಿಸುವುದಿಲ್ಲ, ಸುಮಾರು 48 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಬೇಗನೆ ಒಣಗುತ್ತದೆ. ಯಾವುದರೊಡನೆಯೂ ಸುಲಭವಾಗಿ ಬೆರೆತು ಬದಲಾಗದ ಈ ಗುಣವೇ ಮುಂದೆ ದೋಷವಾಯಿತು. ಗಾಳಿಗೆ ಸೇರಿದ ಸಿ.ಎಫ್.ಸಿ. ದೀರ್ಘಕಾಲ ನಾಶವಾಗದೆ ಮೇಲೇರಿ, ಅಲ್ಲಿ ಬಿಡುಗಡೆಯಾಗುವ ಕ್ಲೋರೀನ್ ಓಝೋನನ್ನು ನಾಶಪಡಿಸುತ್ತದೆಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಗ್ಗಿರುವುದು ಪ್ರಕಟವಾಯಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತವು 1992ರಲ್ಲಿ ಅದಕ್ಕೆ ಸೇರಿ, 2000ದಲ್ಲಿ ನಿಯಮಾವಳಿಯನ್ನು ರೂಪಿಸಿತು.

ಬದಲಿ ದ್ರಾವಕವೇ ಇಲ್ಲವೆಂಬ ಮಾತು ಆರಂಭದಲ್ಲಿ ಬಲವಾಗಿತ್ತು. ಅಮೆರಿಕದ ಸೇನಾ ನಿರ್ದೇಶನಗಳೇ ಸಿ.ಎಫ್.ಸಿ.ಯಿಂದ ತೊಳೆಯುವ ಪದ್ಧತಿಯನ್ನು ಆಧರಿಸಿದ್ದವು. ಆದರೆ 1988ರಲ್ಲಿ ಎ.ಟಿ. ಅಂಡ್ ಟಿ. ಸಂಸ್ಥೆಯು ಟರ್ಪೀನ್ ಆಧಾರಿತ ಶುದ್ಧಿಕಾರಕವನ್ನು ಮುಂದಿಟ್ಟಿತು. ಇಂತಹ ಟರ್ಪೀನುಗಳಲ್ಲಿ ಮುಖ್ಯವಾದ ಲಿಮೋನೀನ್ ಕಿತ್ತಳೆಯ ಸಿಪ್ಪೆಯಿಂದ ದೊರೆಯುತ್ತದೆ. ಹಣ್ಣು ಸುಲಿದಾಗ ಕೈಗೆ ಅಂಟುವ ಪರಿಮಳದ ಎಣ್ಣೆಯೇ ಅದು! ಗಿಡದಿಂದ ಬಂದುದೆಲ್ಲ ನಿರಪಾಯವೆಂದು ಇದರಿಂದ ತಿಳಿಯಬಾರದು. ಲಿಮೋನೀನ್ ಬೆಂಕಿಗೆ ಹೊತ್ತಿಕೊಳ್ಳುತ್ತದೆ. ಗಾಳಿಯಲ್ಲಿ ಹಳತಾದರೆ ಚರ್ಮಕ್ಕೆ ಅಲರ್ಜಿಯನ್ನೂ ಉಂಟುಮಾಡಬಲ್ಲದು.

ನೀರಿನಲ್ಲಿ ತೊಳೆಯುವುದು ಇನ್ನೊಂದು ಮಾರ್ಗ. ಕ್ಷಾರವು ರಾಳವನ್ನು ಸಾಬೂನಾಗಿ ಮಾರ್ಪಡಿಸಿ ನೀರಿನೊಡನೆ ಹರಿಸಿಬಿಡುತ್ತದೆ. ಆದರೆ ಆ ನೀರಿನಲ್ಲಿ ಸೀಸ, ತಾಮ್ರಗಳ ಅಂಶ ಸೇರಿರಬಹುದಾದ್ದರಿಂದ ಸಂಸ್ಕರಿಸದೆ ಹೊರಬಿಡುವಂತಿಲ್ಲ. ಇವೆಲ್ಲಕ್ಕಿಂತ ಜಾಣತನದ ಉಪಾಯವೆಂದರೆ ತೊಳೆಯುವ ಅಗತ್ಯವನ್ನೇ ತಪ್ಪಿಸುವುದು. ಘನಾಂಶ ಅತ್ಯಲ್ಪವಾಗಿರುವ ಫ್ಲಕ್ಸನ್ನು ಬಳಸಿದರೆ ಉಳಿಯುವ ಶೇಷ ಸಾಮಾನ್ಯ ಉಪಕರಣಗಳಿಗೆ ಬಾಧಕವಲ್ಲ. ಇಂದು ಗೃಹಬಳಕೆಯ ಉಪಕರಣಗಳ ತಯಾರಿಕೆಯಲ್ಲಿ ಈ ವಿಧಾನ ವ್ಯಾಪಕವಾಗಿದೆ. ಬಾಹ್ಯಾಕಾಶ, ವೈದ್ಯಕೀಯ ಉಪಕರಣಗಳಲ್ಲಿ ಮಾತ್ರ ತೊಳೆಯುವ ಕೆಲಸ ಬಹುಮಟ್ಟಿಗೆ ಉಳಿದುಕೊಂಡಿದೆ.

ಓಝೋನಿಗೆ ಹಿತವಾದುದು ಕಾರ್ಮಿಕನಿಗೂ ಹಿತವೆಂದು ಭಾವಿಸಿದರೆ ಮೋಸಹೋಗಬೇಕಾದೀತು. ಹಳೆಯ ದ್ರಾವಕಗಳಿಗೆ ಬದಲಾಗಿ ಬಂದ ನಾರ್ಮಲ್ ಪ್ರೊಪೈಲ್ ಬ್ರೋಮೈಡ್ ನರಗಳಿಗೆ ಹಾನಿಕರವೆಂದು ಕಂಡುಬಂತು. ಅಮೆರಿಕವು 2022ರಲ್ಲಿ ಅದನ್ನು ಅಪಾಯಕರ ವಾಯುಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿತು. ಚೀನಾದ ಸೂಜೌ ನಗರದ ಘಟನೆ ಇನ್ನೂ ಶೋಚನೀಯ. ಅಲ್ಲಿನ ಕಾರ್ಖಾನೆಯೊಂದರಲ್ಲಿ ಸ್ಪರ್ಶಪರದೆಗಳನ್ನು ಒರೆಸಲು ಆಲ್ಕೊಹಾಲಿಗೆ ಬದಲಾಗಿ ನಾರ್ಮಲ್ ಹೆಕ್ಸೇನ್ ಬಳಸಲಾಯಿತು. ಅದು ಬೇಗ ಆರುತ್ತದೆ, ಕೆಲಸ ಬೇಗ ಸಾಗುತ್ತದೆ. ಕೆಲವು ಕ್ಷಣಗಳ ಆ ಉಳಿತಾಯಕ್ಕೆ ತೆತ್ತ ಬೆಲೆ ದೊಡ್ಡದು. ಹೆಕ್ಸೇನಿನ ಆವಿ ದೇಹದಲ್ಲಿ ಮಾರ್ಪಾಡಾಗಿ ಕೈಕಾಲುಗಳ ನರಗಳನ್ನು ಕೆಡಿಸುತ್ತದೆ. ಬೆರಳು ಜೋಮುಹಿಡಿದು, ಕಾಲಿನ ಬಲ ಕುಗ್ಗಿ, ನಡೆಯುವುದೇ ಕಷ್ಟವಾಗುತ್ತದೆ. 2009ರಲ್ಲಿ ಬೆಳಕಿಗೆ ಬಂದ ಈ ಪ್ರಕರಣದಲ್ಲಿ 137 ಕಾರ್ಮಿಕರು ಬಾಧಿತರಾದರೆಂದು, ಆ ಕಾರ್ಖಾನೆಯಿಂದ ಬಿಡಿಭಾಗಗಳನ್ನು ಪಡೆಯುತ್ತಿದ್ದ ಆಪಲ್ ಸಂಸ್ಥೆಯೇ 2011ರ ವರದಿಯಲ್ಲಿ ಒಪ್ಪಿಕೊಂಡಿತು. 2014ರಲ್ಲಿ ಆ ಸಂಸ್ಥೆ ಅಂತಿಮ ಜೋಡಣೆಯ ಹಂತದಲ್ಲಿ ಬೆಂಜೀನ್ ಮತ್ತು ಹೆಕ್ಸೇನುಗಳ ಬಳಕೆಯನ್ನು ನಿಷೇಧಿಸಿತು.

ಭೋಪಾಲದ ದುರಂತದ ತರುವಾಯ, 1987ರಲ್ಲಿ ಕಾರ್ಖಾನೆ ಕಾಯಿದೆಗೆ ಸೇರಿಸಿದ ವಿಧಿಗಳು ಅಪಾಯಕರ ಕೆಲಸಗಳಲ್ಲಿ ರಾಸಾಯನಿಕದ ಕೇಡನ್ನು ಕಾರ್ಮಿಕರಿಗೆ ತಿಳಿಸುವ ಹೊಣೆಯನ್ನು ಕಾರ್ಖಾನೆದಾರರ ಮೇಲೆ ಹೊರಿಸಿದವು. ಆದರೆ ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಬೀದಿ, ದೆಹಲಿಯ ನೆಹರೂ ಪ್ಲೇಸ್‌ಗಳಂತಹ ಕಡೆ ಚಿಕ್ಕ ಮಳಿಗೆಗಳಲ್ಲಿ ಕುಳಿತು ದುರಸ್ತಿ ಮಾಡುವವರಿಗೆ ಹೇಳುವವರು ಯಾರು? ಅಂಥವರು ಹೆಸರುಪಟ್ಟಿಯಿಲ್ಲದ ಡಬ್ಬಿಯ ದ್ರಾವಕವನ್ನು ಕೊಳ್ಳದಿರುವುದು ಒಳ್ಳೆಯದು. ಪೆಟ್ರೋಲ್, ಥಿನ್ನರುಗಳಿಗಿಂತ ಐಸೊಪ್ರೊಪೈಲ್ ಆಲ್ಕೊಹಾಲ್ ಮೇಲು. ಆದರೂ ಅದು ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕಾದ ಬೆಸುಗೆ ಕಡ್ಡಿಯಿಂದ ದೂರವಿರಬೇಕು. ಕಿಟಕಿ ತೆರೆದಿರಬೇಕು, ಕೈಗೆ ತಕ್ಕ ಕವಚವಿರಬೇಕು. ವಾಸನೆ ಬರುತ್ತಿಲ್ಲವೆಂಬುದು ಅಪಾಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಬಳಸಿದ ದ್ರಾವಕವನ್ನು ಚರಂಡಿಗೆ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅಪಾಯಕರ ತ್ಯಾಜ್ಯವನ್ನು ಸ್ವೀಕರಿಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಒಪ್ಪಿಸಬೇಕು.